ತುಂಡಾದ ದಾರದ ತುದಿಯನ್ನು ಓದಿ

ನನ್ನ ಬಳಿ ಗಾಳ ಹಾಕುವುದನ್ನು ಕಲಿಯಲು ಬಂದವರು ದೊಡ್ಡ ಮೀನು ತಪ್ಪಿಸಿಕೊಂಡಾಗ ನಡುಗುವ ಕೈಯಲ್ಲೇ ಅದರ ಅಳತೆ ತೋರಿಸುತ್ತಾರೆ. ನಾನು ಮೊದಲು ಕೇಳುವುದು ದಾರದ ತುದಿಯನ್ನು. ಅದನ್ನು ಬೆಳಕಿಗೆ ಹಿಡಿದರೆ ನಡೆದದ್ದೆಲ್ಲ ಅಲ್ಲಿರುತ್ತದೆ. ತುದಿ ಬಳ್ಳಿಯ ಕುಡಿಯ ಹಾಗೆ ಸುರುಳಿ ಸುತ್ತಿಕೊಂಡಿದ್ದರೆ ಗಂಟು ಜಾರಿ ಬಿಚ್ಚಿಕೊಂಡಿದೆ. ಕೊನೆಯ ಎರಡು ಅಡಿ ತರಿತರಿಯಾಗಿದ್ದರೆ ಬಂಡೆಗೋ ಮುಳುಗಿದ ಮರಕ್ಕೋ ಉಜ್ಜಿದೆ. ದಾರವೆಲ್ಲ ನುಣುಪಾಗಿದ್ದು ಗಂಟಿನ ಬುಡದಲ್ಲೇ ಕಡಿದಿದ್ದರೆ, ಒಂದೋ ಗಂಟನ್ನು ಒಣಗಿದ್ದಾಗಲೇ ಎಳೆದು ಬಿಗಿದಿದ್ದಾರೆ, ಇಲ್ಲವೇ ದಾರ ಸುತ್ತುವ ರೀಲ್‌ನ ಡ್ರ್ಯಾಗ್, ಅಂದರೆ ಮೀನು ಜಗ್ಗಿದಾಗ ದಾರ ಎಷ್ಟು ಬಲಕ್ಕೆ ಜಾರಬೇಕೆಂದು ಹಿಡಿದಿಡುವ ಬ್ರೇಕು, ಅತಿಯಾಗಿ ಬಿಗಿಯಿತ್ತು.

ಇಷ್ಟು ವರ್ಷ ಕಲಿಸಿದ ಮೇಲೆ ಒಂದು ಮಾತನ್ನು ಧೈರ್ಯವಾಗಿ ಹೇಳಬಲ್ಲೆ. ಹೊಸಬರ ಗಾಳಕ್ಕೂ ದೊಡ್ಡ ಮೀನು ಬೀಳುತ್ತದೆ. ಅದು ಕೈತಪ್ಪುವುದು ಗಾಳವನ್ನು ನೀರಿಗೆ ಹಾಕುವ ಮುಂಚೆಯೇ ಮಾಡಿದ ತಪ್ಪಿನಿಂದ. ಹಾಗಾಗಿ ಈ ಬಾರಿ ಎರೆಯ ಬಗ್ಗೆ ಕಡಿಮೆ, ದಾರ, ಗಂಟು ಮತ್ತು ಡ್ರ್ಯಾಗ್ ಬಗ್ಗೆ ಹೆಚ್ಚು ಬರೆಯುತ್ತೇನೆ.

ಮೊದಲು ಜಾಗ. ನದಿಗೆ ಬಂದ ಕೂಡಲೇ ರಾಡ್ ಬಿಚ್ಚಬೇಡಿ. ಹತ್ತು ನಿಮಿಷ ದಡದಿಂದ ನಾಲ್ಕು ಹೆಜ್ಜೆ ಹಿಂದೆ ಕುಳಿತು ನೀರನ್ನು ನೋಡಿ. ದೊಡ್ಡ ಮೀನಿಗೆ ದೊಡ್ಡ ಹೊಟ್ಟೆ. ಆದರೆ ಹೊಟ್ಟೆ ತುಂಬಿಸಿಕೊಳ್ಳಲು ಖರ್ಚು ಮಾಡುವ ಶಕ್ತಿ ತಿಂದದ್ದಕ್ಕಿಂತ ಹೆಚ್ಚಾದರೆ ಅದು ಬದುಕದು. ಅದಕ್ಕೇ ಅದು ಸೆಳವಿನ ನಡುವೆ ಈಜುತ್ತಾ ನಿಲ್ಲುವುದಿಲ್ಲ. ವೇಗದ ನೀರೂ ನಿಧಾನದ ನೀರೂ ಒಂದನ್ನೊಂದು ತಾಗಿ ಹರಿಯುವ ಗೆರೆ ಕಾಣುತ್ತದಲ್ಲ, ನೊರೆಯೂ ಎಲೆಗಳೂ ಸಾಲಾಗಿ ತೇಲಿ ಹೋಗುವ ಗೆರೆ, ಅದರ ನಿಧಾನದ ಬದಿಯಲ್ಲಿ ಮೀನು ನಿಂತಿರುತ್ತದೆ. ವೇಗದ ಬದಿ ತಿಂಡಿ ಹೊತ್ತು ತರುತ್ತದೆ, ಮೀನು ಕತ್ತು ಚಾಚಿದಷ್ಟು ದೂರದಲ್ಲಿ ಊಟ. ತಿರುವಿನ ಹೊರಮಗ್ಗುಲಲ್ಲಿ ನೀರು ಕೊರೆದು ಆದ ಮಡು, ದಡದ ಅಡಿಯ ಪೊಟರೆ, ಮುಳುಗಿದ ಮರದ ಬುಡ, ಉಪನದಿ ಬಂದು ಸೇರುವ ಮೂಲೆ, ಇವೆಲ್ಲ ಇದೇ ಲೆಕ್ಕದ ಜಾಗಗಳು. ಬಂಡೆಯ ಹಿಂದಿನ ಸುಳಿಯನ್ನು ಎಲ್ಲರೂ ನೋಡುತ್ತಾರೆ. ಬಂಡೆಯ ಮುಂದೆಯೂ ನೀರು ಡಿಕ್ಕಿ ಹೊಡೆದು ಒಂದು ಮೆತ್ತನೆಯ ಜಾಗ ಆಗಿರುತ್ತದೆ, ಅಲ್ಲೂ ಒಮ್ಮೆ ಎರೆ ಬಿಟ್ಟು ನೋಡಿ. ಮೇಲೆ ರಭಸವಾಗಿ ಕಂಡ ನೀರು ತಳದಲ್ಲಿ ಅಷ್ಟು ರಭಸವಾಗಿರುವುದಿಲ್ಲ ಎಂಬುದೂ ನೆನಪಿರಲಿ. ತಳದ ಕಲ್ಲುಗಳಿಗೆ ಉಜ್ಜಿ ಅದರ ವೇಗ ತಗ್ಗಿರುತ್ತದೆ.

ಹೊಸಬರಿಗೆ ದೂರ ಎಸೆಯುವ ಆಸೆ ಬಹಳ. ಎಷ್ಟೋ ಸಲ ಅವರು ನಿಂತ ಕಾಲಬುಡದಲ್ಲೇ ಇದ್ದ ಮೀನು ಅವರ ಹೆಜ್ಜೆಯ ಸದ್ದಿಗೆ ಹೋಗಿಬಿಟ್ಟಿರುತ್ತದೆ. ಕಾರ್ಪ್ ಮತ್ತು ಕ್ಯಾಟ್‌ಫಿಶ್ ಕುಲದ ಮೀನುಗಳಲ್ಲಿ ಗಾಳಿಚೀಲದಿಂದ ಒಳಕಿವಿಗೆ ಸಣ್ಣ ಮೂಳೆಗಳ ಸರಪಳಿಯೇ ಇದೆ, ಕಂಪನವೆಲ್ಲ ಅದರ ಮೂಲಕ ಕಿವಿಗೆ ಮುಟ್ಟುತ್ತದೆ. ಬೂಟುಗಾಲು ದಡಕ್ಕೆ ಅಪ್ಪಳಿಸುವುದು ಅವಕ್ಕೆ ಬಾಗಿಲು ಬಡಿದ ಹಾಗೆ. ಆದ್ದರಿಂದ ಮೊದಲ ಎಸೆತ ಹತ್ತಿರಕ್ಕೆ, ಮೆಲ್ಲಗೆ. ಆಮೇಲೆ ದೂರ.

ಈಗ ಗಂಟು. ನನ್ನ ಕೈಗೆ ಬಂದ ತುದಿಗಳಲ್ಲಿ ಅತಿ ಹೆಚ್ಚು ಸುರುಳಿ ಸುತ್ತಿದವೇ. ಹತ್ತು ಬಗೆಯ ಗಂಟು ಕಲಿಯಬೇಕಿಲ್ಲ, ಪಾಲೊಮಾರ್ ಗಂಟು ಒಂದನ್ನು ಕತ್ತಲಲ್ಲೂ ಹಾಕುವಷ್ಟು ಕಲಿಯಿರಿ. ದಾರವನ್ನು ಒಂದು ಗೇಣು ಮಡಚಿ, ಆ ಜೋಡೆಳೆಯನ್ನು ಗಾಳದ ಕಣ್ಣಿನೊಳಗೆ ತೂರಿಸಿ. ಜೋಡೆಳೆಯಲ್ಲೇ ಸಡಿಲವಾಗಿ ಒಂದು ಸಾದಾ ಗಂಟು ಹಾಕಿ. ತುದಿಯಲ್ಲಿ ಉಳಿದ ಕುಣಿಕೆಯನ್ನು ಅಗಲಿಸಿ ಇಡೀ ಗಾಳವನ್ನು ಅದರೊಳಗಿಂದ ದಾಟಿಸಿ. ಇನ್ನು ಬಿಗಿಯುವ ಮುಂಚೆ ನಿಲ್ಲಿ. ಗಂಟನ್ನು ನೀರಿನಲ್ಲೋ ಎಂಜಲಿನಲ್ಲೋ ಒದ್ದೆ ಮಾಡಿ. ಒಣ ನೈಲಾನ್ ದಾರ ತನ್ನ ಮೇಲೆ ತಾನೇ ಉಜ್ಜಿಕೊಂಡು ಬಿಸಿಯಾಗಿ ಅಲ್ಲೇ ಸೊರಗುತ್ತದೆ. ಒದ್ದೆ ಮಾಡಿ ನಿಧಾನವಾಗಿ ಎಳೆದರೆ ಎಳೆಗಳು ಒಂದರ ಪಕ್ಕ ಒಂದು ಕುಳಿತುಕೊಳ್ಳುತ್ತವೆ. ಎಳೆ ಒಂದರ ಮೇಲೊಂದು ಅಡ್ಡ ಬಿದ್ದಿದ್ದರೆ ಕತ್ತರಿಸಿ ಇನ್ನೊಮ್ಮೆ ಹಾಕಿ. ಈ ಒಂದು ನಿಮಿಷಕ್ಕೆ ಜಿಪುಣತನ ಮಾಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಗಂಟು ಸರಿಯಿಲ್ಲದೆ ತಪ್ಪಿಸಿಕೊಂಡ ಮೀನು ಬಾಯಲ್ಲಿ ಗಾಳ ಹೊತ್ತುಕೊಂಡೇ ಹೋಗಿರುತ್ತದೆ.

ದಾರದಲ್ಲಿ ತಂಗೂಸಿ, ಅಂದರೆ ನೈಲಾನ್, ಹೊಸಬರಿಗೆ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಬ್ರೇಡ್, ಅಂದರೆ ಸಣ್ಣ ಎಳೆಗಳನ್ನು ಹೆಣೆದು ಮಾಡಿದ ದಾರ, ತೆಳ್ಳಗಿದ್ದೂ ಗಟ್ಟಿ ನಿಜ, ಆದರೆ ಅದು ಹಿಗ್ಗುವುದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಮೀನು ದಡದ ಹತ್ತಿರ ತಲೆ ಕೊಡವಿದಾಗ ಆ ಏಟೆಲ್ಲ ನೇರ ಗಾಳಕ್ಕೆ ಹೋಗುತ್ತದೆ. ನೈಲಾನ್ ಸ್ವಲ್ಪ ಹಿಗ್ಗಿ ನಿಮ್ಮ ತಪ್ಪನ್ನು ನುಂಗಿಕೊಳ್ಳುತ್ತದೆ. ಬ್ರೇಡ್ ಹಾಕಿದರೆ ತುದಿಗೆ ಲೀಡರ್, ಅಂದರೆ ಗಾಳಕ್ಕೂ ಬ್ರೇಡ್‌ಗೂ ನಡುವೆ ಕಟ್ಟುವ ದಪ್ಪ ನೈಲಾನ್ ತುಂಡು, ಇರಲೇಬೇಕು, ಬ್ರೇಡ್ ಬಂಡೆಗೆ ಉಜ್ಜಿದರೆ ಬಹಳ ಬೇಗ ಕಡಿಯುತ್ತದೆ. ಯಾವ ದಾರವಾದರೂ ಸರಿ, ಮೀನು ಎಳೆಯುವಾಗ ಅದನ್ನು ಬರಿಗೈಗೆ ಸುತ್ತಿಕೊಳ್ಳಬೇಡಿ. ಬೆರಳು ಕುಯ್ದುಹೋಗುತ್ತದೆ.

ಡ್ರ್ಯಾಗ್ ವಿಷಯಕ್ಕೆ ಬರೋಣ. ಬಹಳ ಜನ ಅದನ್ನು ಕೈಯಿಂದ ದಾರ ಜಗ್ಗಿ ಅಂದಾಜಿನಲ್ಲಿ ತಿರುಗಿಸುತ್ತಾರೆ. ತೂಗುಹಾಕುವ ಸ್ಪ್ರಿಂಗ್ ತಕ್ಕಡಿಯನ್ನು ದಾರದ ತುದಿಗೆ ಸಿಕ್ಕಿಸಿ, ಒಬ್ಬರು ರಾಡ್ ಎತ್ತಿ ಹಿಡಿದಿರುವಾಗ ಇನ್ನೊಬ್ಬರು ತಕ್ಕಡಿಯನ್ನು ಎಳೆಯಲಿ. ದಾರ ಜಾರಲು ಶುರುವಾಗುವ ಹೊತ್ತಿಗೆ ಮುಳ್ಳು ದಾರದ ತಾಕತ್ತಿನ ನಾಲ್ಕನೇ ಒಂದು ಭಾಗದಲ್ಲಿರಬೇಕು. 10 ಕಿಲೋ ಸೆಳೆತ ತಾಳುವ ದಾರಕ್ಕೆ ಎರಡೂವರೆ ಕಿಲೋ. "ಇಷ್ಟೇನಾ?" ಎಂದು ಎಲ್ಲರೂ ಕೇಳುತ್ತಾರೆ. ಆದರೆ ಎರಡೂವರೆ ಕಿಲೋ ಸೆಳೆತವನ್ನು ರಾಡ್ ಬಗ್ಗಿಸಿ ಹತ್ತು ನಿಮಿಷ ಹಿಡಿದು ನೋಡಿ, ತೋಳು ತಾನೇ ಹೇಳುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ, ಎಷ್ಟೋ ದೊಡ್ಡ ಮೀನುಗಳು ಇದೇ ಜಾಗದಲ್ಲಿ ಕೈತಪ್ಪಿವೆ. ಮೀನು ಓಡಿ ದಾರ ಖಾಲಿಯಾಗುತ್ತಾ ಬಂದಂತೆ ಸ್ಪೂಲಿನ, ಅಂದರೆ ರೀಲ್‌ನಲ್ಲಿ ದಾರ ಸುತ್ತಿರುವ ಉರುಳೆಯ, ಮೇಲಿನ ಸುತ್ತು ಸಣ್ಣದಾಗುತ್ತದೆ. ಸುತ್ತಿನ ಅಗಲ ಅರ್ಧಕ್ಕೆ ಇಳಿದರೆ, ನೀವು ಮುಟ್ಟದಿದ್ದರೂ ಡ್ರ್ಯಾಗ್‌ನ ಬಿಗಿ ಎರಡರಷ್ಟಾಗುತ್ತದೆ. ಜೊತೆಗೆ ನೀರಿನಲ್ಲಿ ಬಿದ್ದ ಉದ್ದ ದಾರವನ್ನು ಸೆಳವೂ ಜಗ್ಗುತ್ತಿರುತ್ತದೆ. ಮೀನು ದೂರ ಹೋಗುತ್ತಿದೆ ಎಂಬ ಗಾಬರಿಯಲ್ಲಿ ಹೊಸಬರು ಅದೇ ಹೊತ್ತಿಗೆ ಡ್ರ್ಯಾಗ್ ಬಿಗಿ ಮಾಡುತ್ತಾರೆ, ದಾರ ಪಟ್ಟನೆ ಹೋಗುತ್ತದೆ. ದೂರದ ಮೀನಿಗೆ ಡ್ರ್ಯಾಗ್ ಒಂದಿಷ್ಟು ಸಡಿಲಿಸಿ, ದಡದಲ್ಲೇ ಅದರ ಜೊತೆ ನಡೆಯಿರಿ. ಸಾಧ್ಯವಾದರೆ ಮೀನಿಗಿಂತ ಕೆಳಹರಿವಿಗೆ ಹೋಗಿ ನಿಲ್ಲಿ, ಆಗ ಅದು ನಿಮ್ಮ ಜೊತೆಗೆ ನದಿಯ ಸೆಳವಿಗೂ ಎದುರು ಈಜಬೇಕಾಗುತ್ತದೆ.

ದಾರ ಜಾರುತ್ತಿರುವಾಗ ಹಿಡಿಕೆ ತಿರುಗಿಸಬಾರದು. ಸ್ಪಿನ್ನಿಂಗ್ ರೀಲ್‌ನಲ್ಲಿ ಆಗ ದಾರ ಒಂದಿಂಚೂ ಒಳಗೆ ಬರುವುದಿಲ್ಲ, ಅದು ಬರೀ ತಿರುಚಿಕೊಳ್ಳುತ್ತದೆ. ಮೀನು ನಿಂತಾಗ ರಾಡನ್ನು ನಿಧಾನ ಎತ್ತಿ, ಇಳಿಸುತ್ತಾ ಸುತ್ತಿಕೊಳ್ಳಿ. ರಾಡನ್ನು ತಲೆಯ ಹಿಂದಕ್ಕೆ ಎಳೆಯಬೇಡಿ, ತುದಿ ಮುರಿಯುತ್ತದೆ. ಮೀನು ಮರದ ಬುಡದ ಕಡೆ ಹೊರಟರೆ ರಾಡನ್ನು ನೀರಿಗೆ ಸಮವಾಗಿ ಮಲಗಿಸಿ ಪಕ್ಕಕ್ಕೆ ಸೆಳೆಯಿರಿ. ತಲೆ ತಿರುಗಿದರೆ ಮೈಯೂ ತಿರುಗುತ್ತದೆ.

ಗಾಳದ ಮೊನೆಯನ್ನು ಹೆಬ್ಬೆರಳ ಉಗುರಿನ ಮೇಲೆ ಮೆಲ್ಲಗೆ ಎಳೆದು ನೋಡಿ. ಜಾರಿದರೆ ಮೊಂಡಾಗಿದೆ, ಕಚ್ಚಿ ನಿಂತರೆ ಸರಿ. ಎರೆ ಇಟ್ಟು ಕಾಯುವವರಿಗೆ ನಾನು ಕೊಡುವುದು ಸರ್ಕಲ್ ಹುಕ್, ಅಂದರೆ ಮೊನೆ ಒಳಕ್ಕೆ ಬಾಗಿದ ದುಂಡು ಗಾಳ. ಇದು ಸಾಮಾನ್ಯವಾಗಿ ಗಂಟಲಿಗೆ ಇಳಿಯದೆ ತುಟಿಯ ಮೂಲೆಯಲ್ಲಿ ಸಿಗುತ್ತದೆ. ಒಂದೇ ಷರತ್ತು, ಮೀನು ಕಚ್ಚಿದಾಗ ರಾಡನ್ನು ಜಗ್ಗಕೂಡದು. ದಾರ ಬಿಗಿಯಾಗುವ ತನಕ ತಡೆದು, ಸುಮ್ಮನೆ ಸುತ್ತಲು ಶುರು ಮಾಡಿ. ಕೈ ಕೇಳುವುದಿಲ್ಲ, ಗೊತ್ತು. ನನ್ನ ಕೈಯೂ ಮೊದಮೊದಲು ಕೇಳುತ್ತಿರಲಿಲ್ಲ. ಎರೆಯಿಂದ ಮೊನೆ ಪೂರ್ತಿ ಮುಚ್ಚಿಹೋಗದಿರಲಿ. ಇನ್ನು ಎರೆ ಯಾವುದು ಎಂದರೆ, ಆ ನದಿಯಲ್ಲಿ ಆ ಕಾಲದಲ್ಲಿ ಮೀನು ಏನು ತಿನ್ನುತ್ತಿದೆಯೋ ಅದು. ಕ್ಯಾಟ್‌ಫಿಶ್‌ಗೆ ಮೀಸೆಯಲ್ಲಷ್ಟೇ ಅಲ್ಲ, ಮೈಮೇಲೆಲ್ಲ ರುಚಿ ತಿಳಿಯುವ ಮೊಗ್ಗುಗಳಿವೆ, ಹಾಗಾಗಿ ಕದಡಿದ ನೀರಿನಲ್ಲಿ ವಾಸನೆಯ ಎರೆಯೇ ವಾಸಿ. ಮಬ್ಬು ಬೆಳಕಿನ ಮುಂಜಾವು, ಮುಸ್ಸಂಜೆಗಳೇ ಒಳ್ಳೆಯ ಹೊತ್ತು.

ನೀರು ಬಿಸಿಯಾದ ಕಾಲದಲ್ಲಿ ಮಾತ್ರ ಬಹಳ ಎಚ್ಚರ ಬೇಕು. 10 ಡಿಗ್ರಿ ಸೆಲ್ಸಿಯಸ್ ನೀರು ಲೀಟರಿಗೆ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳಬಲ್ಲದು, 30 ಡಿಗ್ರಿಯ ನೀರು ಸುಮಾರು ಏಳೂವರೆ ಮಾತ್ರ. ಅರ್ಧ ಗಂಟೆ ಗುದ್ದಾಡಿ ಸುಸ್ತಾದ ಮೀನು ಅಂಥ ನೀರಿಗೆ ಮರಳಿದರೆ ಚೇತರಿಸಿಕೊಳ್ಳುವುದು ಕಷ್ಟ. ತೆಳು ದಾರದಲ್ಲಿ ದೊಡ್ಡ ಮೀನನ್ನು ಗಂಟೆಗಟ್ಟಲೆ ಆಡಿಸಿದೆ ಎಂದು ಹೇಳಿಕೊಳ್ಳುವವರನ್ನು ನಾನು ಮೆಚ್ಚುವುದಿಲ್ಲ. ಗಟ್ಟಿ ದಾರ ಹಾಕಿ, ಬೇಗ ದಡಕ್ಕೆ ತನ್ನಿ.

ಎರೆ ಎಸೆಯುವ ಮುಂಚೆಯೇ ಕೈಬಲೆ ಒದ್ದೆಯಾಗಿ ಪಕ್ಕದಲ್ಲಿರಲಿ, ಇಕ್ಕಳ ಜೇಬಿನಲ್ಲಿರಲಿ, ಎಲ್ಲಿ ಇಳಿದು ಮೀನನ್ನು ಬಲೆಗೆ ತರುತ್ತೀರಿ ಎಂದು ಗೊತ್ತಿರಲಿ. ಬಲೆಯನ್ನು ಮೀನಿನ ಹಿಂದೆ ಬೀಸಬೇಡಿ. ನೀರಲ್ಲಿ ಮುಳುಗಿಸಿ ಹಿಡಿದು, ತಲೆ ಮುಂದಾಗಿ ಮೀನನ್ನೇ ಅದರ ಮೇಲಕ್ಕೆ ತನ್ನಿ. ಮೈಯನ್ನು ಒಣಗೈಯಲ್ಲಿ ಮುಟ್ಟಿದರೆ ಲೋಳೆ ಕಿತ್ತುಬರುತ್ತದೆ, ಅದೇ ಅದಕ್ಕೆ ರೋಗ ತಡೆಯುವ ಕವಚ. ಕಿವಿರಿನೊಳಗೆ ಬೆರಳು ಹಾಕಬೇಡಿ, ದವಡೆಯಿಂದ ನೇತಾಡಿಸಬೇಡಿ, ಹೊಟ್ಟೆಯಡಿ ಕೈ ಕೊಟ್ಟು ಅಡ್ಡಕ್ಕೆ ಹಿಡಿಯಿರಿ. ಕ್ಯಾಟ್‌ಫಿಶ್‌ನ ಬೆನ್ನಿನ ಮತ್ತು ಪಕ್ಕದ ರೆಕ್ಕೆಗಳ ಮುಂದಿನ ಮುಳ್ಳನ್ನು ಮರೆಯಬೇಡಿ. ಕೆಲವು ಜಾತಿಗಳಲ್ಲಿ ಅದು ವಿಷದ್ದು. 2023ರಲ್ಲಿ ಇಟಲಿಯ ಪೋ ನದಿಯಲ್ಲಿ 285 ಸೆಂಟಿಮೀಟರ್ ಉದ್ದದ ವೆಲ್ಸ್ ಕ್ಯಾಟ್‌ಫಿಶ್ ಹಿಡಿದವರು ಅಳತೆ ತೆಗೆದು ಅದನ್ನು ನದಿಗೇ ಬಿಟ್ಟರು. ಅಷ್ಟು ದೊಡ್ಡದಾಗಲು ಮೀನಿಗೆ ದಶಕಗಳು ಬೇಕು. ದೊಡ್ಡ ಹೆಣ್ಣು ಮೀನು ಸಣ್ಣದಕ್ಕಿಂತ ಎಷ್ಟೋ ಪಾಲು ಹೆಚ್ಚು ಮೊಟ್ಟೆ ಇಡುತ್ತದೆ. ಆ ನದಿಯ ನಿಯಮ ಏನಿದೆ, ಯಾವ ಜಾತಿಗೆ ರಕ್ಷಣೆ ಇದೆ ಎಂದು ಮೊದಲೇ ತಿಳಿದುಕೊಂಡು ಹೋಗಿ.

ನಿಮ್ಮ ಜೀವದ ಬಗ್ಗೆ ಎರಡೇ ಮಾತು. ನೀರಿಗೆ ಇಳಿಯುವುದಾದರೆ ಲೈಫ್ ಜಾಕೆಟ್ ಹಾಕಿಕೊಳ್ಳಿ, ದಡದ ಕಲ್ಲೊಂದನ್ನು ಗುರುತಿಟ್ಟು ನೀರು ಏರುತ್ತಿದೆಯೇ ನೋಡುತ್ತಿರಿ. ಕಾರ್ಬನ್ ರಾಡ್‌ನಲ್ಲಿ ವಿದ್ಯುತ್ ಹರಿಯುತ್ತದೆ. ಗುಡುಗು ಕೇಳಿದರೆ ಅದನ್ನು ಕೆಳಗಿಟ್ಟು ಹೊರಡಿ, ವಿದ್ಯುತ್ ತಂತಿಯ ಕೆಳಗೆ ಎಂದೂ ಎತ್ತಬೇಡಿ.

ಬಿಡುವಾಗ ಮೀನಿನ ತಲೆ ಹರಿವಿಗೆ ಎದುರಾಗಿರಲಿ. ಹಿಂದಕ್ಕೂ ಮುಂದಕ್ಕೂ ಆಡಿಸಬೇಡಿ, ಹಿಂದಕ್ಕೆ ಎಳೆದಾಗ ಕಿವಿರಿನಲ್ಲಿ ನೀರು ತಪ್ಪು ದಿಕ್ಕಿಗೆ ಹರಿಯುತ್ತದೆ. ಬಾಲದ ಬುಡ ಸಡಿಲವಾಗಿ ಹಿಡಿದು ಕಾಯಿರಿ. ಮೊದಲು ಕಿವಿರು ಒಂದೇ ಲಯದಲ್ಲಿ ತೆರೆದು ಮುಚ್ಚುತ್ತದೆ, ಆಮೇಲೆ ಬಾಲ ನಿಮ್ಮ ಮುಷ್ಟಿಯೊಳಗೆ ಬಿಗಿಯಾಗುತ್ತದೆ, ತಾನೇ ಒದ್ದು ಹೋಗುತ್ತದೆ. ಮುಂದಿನ ಎರೆ ಹಾಕುವ ಮುಂಚೆ ದಾರದ ಕೊನೆಯ ಒಂದು ಮೀಟರನ್ನು ಎರಡು ಉಗುರಿನ ನಡುವೆ ಹಿಡಿದು ಉದ್ದಕ್ಕೂ ಎಳೆಯಿರಿ. ಎಲ್ಲಾದರೂ ತರಿ ತಾಗಿದರೆ ಅದರ ಮೇಲಕ್ಕೆ ಕತ್ತರಿಸಿ, ಗಂಟು ಹೊಸದಾಗಿ ಹಾಕಿ.