ಘಾಟ್ ಇಳಿಯುವಾಗ ಗೇರ್ ತೆಗೆಯಬೇಡಿ

ಘಾಟ್ ಇಳಿಯುವಾಗ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿದರೆ ಪೆಟ್ರೋಲ್ ಉಳಿಯುವುದಿಲ್ಲ. ಉಲ್ಟಾ, ಜಾಸ್ತಿ ಖರ್ಚಾಗುತ್ತದೆ. ಪುಣೆಯ ಕಾತ್ರಜ್ ಕಡೆ ಗ್ಯಾರೇಜ್ ನಡೆಸುವ ನಾನು ಈ ಒಂದು ಮಾತನ್ನು ಹೇಳಿದಷ್ಟು ಸಲ ಬೇರೆ ಯಾವ ಮಾತನ್ನೂ ಹೇಳಿಲ್ಲ. ಆದರೂ ಜನ ನಂಬುವುದಿಲ್ಲ. ತಲೆ ಆಡಿಸುತ್ತಾರೆ, ಬಿಲ್ ಕೊಡುತ್ತಾರೆ, ಮುಂದಿನ ಹಬ್ಬಕ್ಕೆ ಊರಿಗೆ ಹೋಗಿ ಬರುವಾಗ ಮತ್ತೆ ಅದನ್ನೇ ಮಾಡುತ್ತಾರೆ, ಆಮೇಲೆ ಕಪ್ಪಾದ ಬ್ರೇಕ್ ಪ್ಯಾಡ್ ಇಟ್ಟುಕೊಂಡು ನನ್ನ ಹತ್ತಿರ ಬರುತ್ತಾರೆ. ಅದಕ್ಕೇ ಇವತ್ತು ಇದೊಂದನ್ನೇ ಬಿಡಿಸಿ ಬರೆಯುತ್ತೇನೆ. ಆಯಿಲ್ ಬದಲಿಸುವುದು, ಟೈರ್ ಗಾಳಿ ನೋಡುವುದು, ಅದೆಲ್ಲ ನಿಮಗೆ ಗೊತ್ತೇ ಇದೆ.

ನನ್ನ ಗಿರಾಕಿಗಳಲ್ಲಿ ಹೆಚ್ಚಿನವರು ನಮ್ಮವರೇ. ಹೋಟೆಲ್ ನಡೆಸುವ ಕುಂದಾಪುರದವರು, ಹಿಂಜವಡಿಯ ಐಟಿ ಹುಡುಗರು, ವಿಜಯಪುರ-ಕಲಬುರಗಿ ಕಡೆಯಿಂದ ಬಂದು ಟ್ಯಾಕ್ಸಿ ಓಡಿಸುವವರು. ಎಲ್ಲರಿಗೂ ಘಾಟ್ ತಪ್ಪಿದ್ದಲ್ಲ. ಮುಂಬೈಗೆ ಹೋದರೆ ಖಂಡಾಲಾ. ಊರಿಂದ ವಾಪಸ್ ಬರುವಾಗ ಖಂಬಾಟ್ಕಿ ಸುರಂಗ ದಾಟಿದ ಮೇಲಿನ ಇಳಿಜಾರು, ಅಲ್ಲಿಂದ ಮುಂದೆ ಕಾತ್ರಜ್ ಹೊಸ ಸುರಂಗದಿಂದ ನವಲೆ ಬ್ರಿಡ್ಜ್ ತನಕ ಇನ್ನೊಂದು.

ಧಾರವಾಡದ ಒಬ್ಬರು ಕಾಕಾ ಇದ್ದಾರೆ, ಬ್ಯಾಂಕಿನಿಂದ ರಿಟೈರ್ ಆದವರು. ಪೆಟ್ರೋಲ್ ಹಾಕಿಸಿದ ಪ್ರತಿ ಸಲವೂ ಡೈರಿಯಲ್ಲಿ ಬರೆದಿಡುತ್ತಾರೆ. ಅವರ ವಾದ ಹೀಗೆ: "ಇಳಿಜಾರಿನ್ಯಾಗ ಗಾಡಿ ತಾನಽ ಹೊಂಟದ. ಎಂಜಿನ್ ಸುಮ್ನ ಯಾಕ ದುಡಸಬೇಕು?" ಕೇಳಲು ಸರಿಯಾಗಿಯೇ ಇದೆ. ಗೇರ್‌ನಲ್ಲಿದ್ದರೆ ಎಂಜಿನ್ ನಿಮಿಷಕ್ಕೆ ಮೂರು ಸಾವಿರ ಸುತ್ತು ತಿರುಗುತ್ತದೆ, ನ್ಯೂಟ್ರಲ್‌ನಲ್ಲಿ ಎಂಟುನೂರು. ಜಾಸ್ತಿ ತಿರುಗಿದರೆ ಜಾಸ್ತಿ ಪೆಟ್ರೋಲ್ ಅಲ್ವಾ?

ಅಲ್ಲ. ಎಲ್ಲರೂ ಎಡವುವುದು ಇಲ್ಲಿಯೇ.

ಈಗಿನ ಗಾಡಿಗಳಲ್ಲಿ ಪೆಟ್ರೋಲ್ ತಾನಾಗಿ ಎಂಜಿನ್‌ಗೆ ಹರಿಯುವುದಿಲ್ಲ. ಇಂಜೆಕ್ಟರ್, ಅಂದರೆ ಪೆಟ್ರೋಲ್ ಚಿಮ್ಮಿಸುವ ಸಣ್ಣ ನಳಿಕೆ, ಬಾಯಿ ತೆರೆದರೆ ಮಾತ್ರ ಒಳಗೆ ಹೋಗುತ್ತದೆ. ಅದು ಯಾವಾಗ ತೆರೆಯಬೇಕು, ಎಷ್ಟು ಹೊತ್ತು ತೆರೆಯಬೇಕು ಎಂದು ತೀರ್ಮಾನಿಸುವುದು ಗಾಡಿಯ ಕಂಪ್ಯೂಟರ್. ನೀವು ಗೇರ್‌ನಲ್ಲಿದ್ದು ಎಕ್ಸಲರೇಟರ್‌ನಿಂದ ಕಾಲು ಪೂರ್ತಿ ತೆಗೆದಿರಿ ಅನ್ನಿ. ಇಳಿಜಾರಿನಲ್ಲಿ ಚಕ್ರಗಳೇ ಎಂಜಿನ್ ತಿರುಗಿಸುತ್ತಿವೆ ಎಂದು ಕಂಪ್ಯೂಟರ್‌ಗೆ ಗೊತ್ತಾಗುತ್ತದೆ. ಆಗ ಅದು ಇಂಜೆಕ್ಟರ್ ಮುಚ್ಚಿಬಿಡುತ್ತದೆ. ಕಡಿಮೆ ಮಾಡುವುದಲ್ಲ, ಪೂರ್ತಿ ಬಂದ್. ಎಂಜಿನ್ ಮೂರು ಸಾವಿರ ಸುತ್ತು ತಿರುಗುತ್ತಿದ್ದರೂ ಒಳಗೆ ಒಂದು ಹನಿ ಉರಿಯುತ್ತಿರುವುದಿಲ್ಲ. ವೇಗ ಇಳಿದು ಎಂಜಿನ್ ನಿಂತುಹೋಗುವ ಹತ್ತಿರ ಬಂದಾಗ ಮಾತ್ರ ಮತ್ತೆ ಶುರು ಮಾಡುತ್ತದೆ. ಇದು ಎಷ್ಟು ಸುತ್ತಿಗೆ ಎನ್ನುವುದು ಗಾಡಿಯಿಂದ ಗಾಡಿಗೆ ಬೇರೆ. ಎಂಜಿನ್ ಇನ್ನೂ ಬಿಸಿಯಾಗದಿದ್ದರೆ ಕೆಲವು ಗಾಡಿಗಳು ಇದನ್ನು ಮಾಡುವುದಿಲ್ಲ. ಈಗಿನ ಡೀಸೆಲ್ ಗಾಡಿಗಳಲ್ಲೂ ಇದೇ ಲೆಕ್ಕ.

ನ್ಯೂಟ್ರಲ್ ಮಾಡಿದಾಗ ಏನಾಗುತ್ತದೆ? ಚಕ್ರಕ್ಕೂ ಎಂಜಿನ್‌ಗೂ ಸಂಬಂಧ ಕಡಿದುಹೋಗುತ್ತದೆ. ಈಗ ಎಂಜಿನ್ ತಿರುಗಿಸುವವರು ಯಾರೂ ಇಲ್ಲ. ಅದು ಬದುಕಿರಬೇಕಾದರೆ ತಾನೇ ಪೆಟ್ರೋಲ್ ಸುಡಬೇಕು. ಸಣ್ಣ ಪೆಟ್ರೋಲ್ ಎಂಜಿನ್ ಸುಮ್ಮನೆ ನಿಂತು ಓಡಿದರೆ ಗಂಟೆಗೆ ಅರ್ಧ ಲೀಟರಿನಿಂದ ಒಂದು ಲೀಟರ್ ಕುಡಿಯುತ್ತದೆ, ಎಸಿ ಹಾಕಿದ್ದರೆ ಇನ್ನೂ ಜಾಸ್ತಿ. ಗೇರ್‌ನಲ್ಲಿ ಸೊನ್ನೆ, ನ್ಯೂಟ್ರಲ್‌ನಲ್ಲಿ ಸೊನ್ನೆಗಿಂತ ಜಾಸ್ತಿ. ಇಷ್ಟೇ ವಿಷಯ.

ಕಾಕಾಗೆ ಇದನ್ನೆಲ್ಲ ಹೇಳಿದೆ. ನಂಬಲಿಲ್ಲ. ಕೊನೆಗೆ ಅವರ ಗಾಡಿಯಲ್ಲೇ ಹಳೆಯ ಕಾತ್ರಜ್ ಘಾಟ್ ಹತ್ತಿ ಹೋದೆವು. ಅವರ ಮೀಟರ್‌ನಲ್ಲಿ ಆ ಕ್ಷಣದ ಮೈಲೇಜ್ ತೋರಿಸುವ ಪಟ್ಟಿ ಇದೆ. ನಿಮ್ಮಲ್ಲೂ ತುಂಬಾ ಜನರ ಗಾಡಿಯಲ್ಲಿ ಇರುತ್ತದೆ, ನೋಡಿರುವುದಿಲ್ಲ. ಇಳಿಯುವಾಗ ಹಿಂದೆ ಗಾಡಿ ಯಾವುದೂ ಇಲ್ಲದ ಕಡೆ, ಮೆಲ್ಲಗೆ ಹೋಗುತ್ತಾ, ಸ್ವಲ್ಪ ದೂರ ಮಾತ್ರ ನ್ಯೂಟ್ರಲ್‌ನಲ್ಲಿ ಬಿಟ್ಟು ತೋರಿಸಿದೆ. ಪಟ್ಟಿ ನಡುವೆ ಎಲ್ಲೋ ನಿಂತಿತು. ಮೂರನೇ ಗೇರ್ ಹಾಕಿ ಕಾಲು ತೆಗೆದೆ. ಪಟ್ಟಿ ಅತಿ ಹೆಚ್ಚು ಮೈಲೇಜ್ ತೋರಿಸುವ ತುದಿಗೆ ಹೋಗಿ ಅಲ್ಲೇ ಉಳಿಯಿತು. ಕಾಕಾ ಏನೂ ಮಾತಾಡಲಿಲ್ಲ. ಡೈರಿ ತೆಗೆದು ಬರೆದುಕೊಂಡರು. ಅವರ ಮೇಲೆ ನನಗೆ ತುಂಬಾ ಪ್ರೀತಿ. ತಾವು ನಂಬಿದ್ದು ಸುಳ್ಳು ಎಂದು ಗೊತ್ತಾದಾಗ ಅದನ್ನು ಸ್ವಂತ ಕೈಯಲ್ಲಿ ಬರೆದಿಟ್ಟುಕೊಳ್ಳುವವರು ಕಡಿಮೆ.

ಹಿರಿಯರು ಸುಳ್ಳು ಹೇಳಿದ್ದಾರೆ ಎಂದು ನಾನು ಹೇಳುತ್ತಿಲ್ಲ. ಪ್ರೀಮಿಯರ್ ಪದ್ಮಿನಿ, ಅಂಬಾಸಿಡರ್, ಹಳೆಯ ಮಾರುತಿ 800, ಇವುಗಳಲ್ಲಿ ಕಾರ್ಬ್ಯುರೇಟರ್ ಇತ್ತು. ಅದರಲ್ಲಿ ಕಂಪ್ಯೂಟರ್ ಇಲ್ಲ. ಎಂಜಿನ್ ಗಾಳಿ ಎಳೆದಾಗ ಜೊತೆಗೆ ಪೆಟ್ರೋಲೂ ಬರುತ್ತಿತ್ತು, ಹೆಚ್ಚು ತಿರುಗಿದರೆ ಹೆಚ್ಚು ಬರುತ್ತಿತ್ತು. ಆ ಗಾಡಿಗಳಲ್ಲಿ ನ್ಯೂಟ್ರಲ್ ಮಾಡಿದರೆ ಸ್ವಲ್ಪ ಉಳಿಯುತ್ತಿದ್ದದ್ದು ನಿಜವೇ. ಅಪ್ಪ ಹೇಳಿಕೊಟ್ಟದ್ದು ಅಪ್ಪನ ಗಾಡಿಗೆ ಸರಿ ಇತ್ತು. ನಿಮ್ಮ ಗಾಡಿ ಬೇರೆ.

ಪೆಟ್ರೋಲ್ ವಿಷಯ ಹಾಗಿರಲಿ, ನನಗೆ ನಿಜವಾಗಿ ಭಯ ಇರುವುದು ಬ್ರೇಕ್‌ದು.

ಖಂಡಾಲಾದಿಂದ ಖೋಪೋಲಿಗೆ ಇಳಿಯುವಾಗ ನೀವು ಸುಮಾರು 500 ಮೀಟರ್ ಎತ್ತರ ಕಳೆದುಕೊಳ್ಳುತ್ತೀರಿ. ಜನ, ಸಾಮಾನು ಸೇರಿ ಒಂದೂವರೆ ಟನ್ ತೂಗುವ ಗಾಡಿ ಅಷ್ಟು ಕೆಳಗೆ ಬಂದಾಗ ಬಿಡುಗಡೆಯಾಗುವ ಶಕ್ತಿ ಕರೆಂಟ್ ಲೆಕ್ಕದಲ್ಲಿ ಸುಮಾರು ಎರಡು ಯೂನಿಟ್. ದೊಡ್ಡ ಬಕೆಟ್ ತುಂಬಾ ತಣ್ಣೀರನ್ನು ಕುದಿಸಲು ಅಷ್ಟು ಸಾಕು. ಸ್ವಲ್ಪ ಭಾಗ ಗಾಳಿಗೆ, ಟೈರ್‌ಗೆ ಹೋಗುತ್ತದೆ. ಗೇರ್‌ನಲ್ಲಿದ್ದರೆ ಒಳ್ಳೆಯ ಪಾಲನ್ನು ಎಂಜಿನ್ ತಡೆಯುತ್ತದೆ. ನ್ಯೂಟ್ರಲ್‌ನಲ್ಲಿದ್ದರೆ ಆ ಪಾಲೂ ಬ್ರೇಕಿನ ತಲೆಯ ಮೇಲೆ.

ಬ್ರೇಕ್ ಬಿಸಿಯಾದರೆ ಮೊದಲು ಪ್ಯಾಡ್ ಹಿಡಿತ ಕಡಿಮೆಯಾಗುತ್ತದೆ, ಸುಟ್ಟ ವಾಸನೆ ಬರುತ್ತದೆ. ಅದಕ್ಕಿಂತ ಅಪಾಯ ಬ್ರೇಕ್ ಆಯಿಲ್‌ದು. ಪೆಡಲ್ ಒತ್ತಿದ ಬಲವನ್ನು ಚಕ್ರದ ಬ್ರೇಕಿಗೆ ಮುಟ್ಟಿಸುವುದು ಅದೇ. ಅದು ಗಾಳಿಯ ತೇವ ಹೀರುತ್ತದೆ. ನಮ್ಮ ಕಡೆಯ ಮಳೆಗಾಲ, ಮುಂಬೈಯ ಸಮುದ್ರದ ಹವೆ ನಿಮಗೆ ಗೊತ್ತೇ ಇದೆ. ಬ್ರೇಕ್ ಆಯಿಲ್ ಡಬ್ಬಿಯ ಮೇಲೆ ಡಾಟ್ 3, ಡಾಟ್ 4 ಎಂದು ದರ್ಜೆ ಬರೆದಿರುತ್ತದೆ. ಡಾಟ್ 3 ಆಯಿಲ್ ಹೊಸತಿದ್ದಾಗ ಕನಿಷ್ಠ 205 ಡಿಗ್ರಿ ತನಕ ಕುದಿಯಬಾರದು ಎಂಬುದು ಅಳತೆ. ತೇವ ಹೀರಿದ ಮೇಲೆ ಆ ಅಳತೆ 140ಕ್ಕೆ ಇಳಿಯುತ್ತದೆ. ಡಾಟ್ 4 ಆದರೆ 230ರಿಂದ 155ಕ್ಕೆ. ಆಯಿಲ್ ಕುದಿದು ಗುಳ್ಳೆ ಎದ್ದರೆ ಮುಗಿಯಿತು. ಆಯಿಲ್ ಒತ್ತಿದರೆ ಕುಗ್ಗುವುದಿಲ್ಲ, ಗುಳ್ಳೆ ಕುಗ್ಗುತ್ತದೆ. ಪೆಡಲ್ ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಕೆಳಗೆ ಬಂದು ತಣ್ಣಗಾದ ಮೇಲೆ ಪೆಡಲ್ ಮತ್ತೆ ಸರಿಯಾಗಬಹುದು, ಗ್ಯಾರೇಜಿಗೆ ಬಂದಾಗ ಏನೂ ತೊಂದರೆ ಕಾಣದಿರಬಹುದು. ಅದಕ್ಕೇ "ಈಗ ಚೆನ್ನಾಗಿದೆ, ಬಿಡಿ" ಅಂದವರನ್ನು ನಾನು ಹಾಗೇ ಕಳಿಸುವುದಿಲ್ಲ. ಕಂಪನಿಯ ಪುಸ್ತಕ ನೋಡಿ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಬೇಕು. ಎಂಜಿನ್ ಆಯಿಲ್ ತಪ್ಪದೆ ಬದಲಿಸುವವರೂ ಇದನ್ನು ಮರೆಯುತ್ತಾರೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಎಂಜಿನ್ನೇ ಬಂದ್ ಮಾಡುವವರಿದ್ದಾರೆ. ಇವರಿಗೆ ಹೇಗೆ ಹೇಳಬೇಕೋ ತಿಳಿಯುವುದಿಲ್ಲ. ಬ್ರೇಕ್ ಹಗುರವಾಗಿ ಒತ್ತಲು ಬರುವುದು ಎಂಜಿನ್ ಓಡುತ್ತಿರುವುದರಿಂದ. ಎಂಜಿನ್ ಬಂದ್ ಆದ ಮೇಲೆ ಎರಡು-ಮೂರು ಸಲ ಒತ್ತಿದರೆ ಪೆಡಲ್ ಗಟ್ಟಿಯಾಗುತ್ತದೆ. ಪವರ್ ಸ್ಟೀರಿಂಗ್ ಭಾರವಾಗುತ್ತದೆ. ಕೀ ಹೊರಗೆ ಎಳೆದರೆ ಸ್ಟೀರಿಂಗ್ ಲಾಕ್ ಬೀಳಬಹುದು. ಟ್ರಕ್‌ಗಳಲ್ಲಿ ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್ ಎಂಜಿನ್ ಜೊತೆಗೇ ನಿಲ್ಲುತ್ತದೆ, ಪ್ರತಿ ಸಲ ಒತ್ತಿದಾಗ ಗಾಳಿ ಖಾಲಿಯಾಗುತ್ತಾ ಹೋಗುತ್ತದೆ. 2022ರ ನವೆಂಬರ್ 20ರ ರಾತ್ರಿ ನವಲೆ ಬ್ರಿಡ್ಜ್ ಹತ್ತಿರ ಒಂದು ಟ್ರಕ್ ನುಗ್ಗಿ ಹತ್ತಾರು ಗಾಡಿಗಳು ಜಖಂ ಆದವು. ಮೊದಲು ಬ್ರೇಕ್ ಫೇಲ್ ಎಂಬ ಸುದ್ದಿ ಬಂತು. ಡ್ರೈವರ್ ಡೀಸೆಲ್ ಉಳಿಸಲು ಎಂಜಿನ್ ಬಂದ್ ಮಾಡಿ ಇಳಿಸುತ್ತಿದ್ದ ಎಂದು ಆಮೇಲೆ ಪೊಲೀಸರು ಹೇಳಿದರು. ನಾವೆಲ್ಲ ದಿನಾ ಓಡಾಡುವ ರಸ್ತೆ ಅದು.

ಹಾಗಾದರೆ ಯಾವ ಗೇರ್? ಹಳೆಯ ಡ್ರೈವರ್‌ಗಳ ಲೆಕ್ಕ ಈಗಲೂ ಸರಿ: ಯಾವ ಗೇರ್‌ನಲ್ಲಿ ಹತ್ತುತ್ತೀರೋ ಅದೇ ಗೇರ್‌ನಲ್ಲಿ ಇಳಿಯಿರಿ. ಇಳಿಜಾರು ಶುರುವಾಗುವ ಮೊದಲೇ ಹಾಕಿ. ಎಂಜಿನ್ ಗುರ್ ಎಂದರೆ ಹೆದರಬೇಡಿ, ಮೂರು-ಮೂರೂವರೆ ಸಾವಿರ ಸುತ್ತು ಅದಕ್ಕೆ ಏನೂ ಅಲ್ಲ. ಹಾಗಂತ ನೂರರ ವೇಗದಲ್ಲಿ ಎರಡನೇ ಗೇರ್‌ಗೆ ಎಳೆಯಬೇಡಿ, ಎಂಜಿನ್ ಹಾಳಾಗುತ್ತದೆ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ. ಬೇಕಾದಾಗ ಗಟ್ಟಿಯಾಗಿ ಒತ್ತಿ, ವೇಗ ಇಳಿಸಿ, ಬಿಡಿ. ಆಟೋಮ್ಯಾಟಿಕ್ ಗಾಡಿಯವರು ಡಿ ಒಂದನ್ನೇ ನಂಬಬೇಡಿ. ಎಲ್, ಎಸ್ ಅಥವಾ ಮ್ಯಾನುಯಲ್ ಇರುತ್ತದೆ, ಅದು ಕೊಟ್ಟಿರುವುದೇ ಇದಕ್ಕೆ.

ಎಲೆಕ್ಟ್ರಿಕ್ ಗಾಡಿ ತಗೊಂಡವರಿಗೂ ಒಂದು ಮಾತು. ಅದರ ಮೋಟಾರ್ ಇಳಿಜಾರಿನಲ್ಲಿ ಬ್ಯಾಟರಿ ಚಾರ್ಜ್ ಮಾಡುತ್ತಾ ಗಾಡಿ ತಡೆಯುತ್ತದೆ. ಆದರೆ ಬ್ಯಾಟರಿ ತುಂಬಿದ್ದರೆ ಕರೆಂಟ್ ಹಾಕಲು ಜಾಗವಿಲ್ಲ, ಹಾಗಾಗಿ ಆ ತಡೆಯೂ ಕಡಿಮೆಯಾಗುತ್ತದೆ. ಲೋಣಾವಳಾದಲ್ಲಿ ರಾತ್ರಿ ತಂಗಿ ಬೆಳಿಗ್ಗೆ ಮುಂಬೈಗೆ ಇಳಿಯುವವರು ನೂರಕ್ಕೆ ನೂರು ಚಾರ್ಜ್ ಮಾಡದೆ ಸ್ವಲ್ಪ ಖಾಲಿ ಬಿಟ್ಟುಕೊಳ್ಳಿ.

ಇಳಿಯುವಾಗ ಪೆಡಲ್ ಮೆತ್ತಗಾಯಿತು ಅನ್ನಿಸಿದರೆ ಎಂಜಿನ್ ಬಂದ್ ಮಾಡಬೇಡಿ. ಪೆಡಲ್ ಬೇಗ ಬೇಗ ಒತ್ತಿ ಬಿಡಿ, ಸ್ವಲ್ಪ ಒತ್ತಡ ಸಿಗಬಹುದು. ಒಂದೊಂದೇ ಗೇರ್ ಇಳಿಸಿ. ಹ್ಯಾಂಡ್‌ಬ್ರೇಕ್ ಇದ್ದರೆ ಗುಂಡಿ ಒತ್ತಿಕೊಂಡೇ ನಿಧಾನ ಎಳೆಯಿರಿ, ಒಮ್ಮೆಲೇ ಜಗ್ಗಿದರೆ ಹಿಂದಿನ ಚಕ್ರ ಜಾರುತ್ತದೆ. ಹಜಾರ್ಡ್ ಲೈಟ್ ಹಾಕಿ, ಹಾರ್ನ್ ಮಾಡುತ್ತಾ ಬದಿಗೆ ಬನ್ನಿ. ನಿಂತ ಮೇಲೆ ಬಿಸಿ ಡಿಸ್ಕ್ ಮೇಲೆ ನೀರು ಹೊಯ್ಯಬೇಡಿ, ಅದು ಸೊಟ್ಟಗಾಗಬಹುದು. ಕನಿಷ್ಠ ಅರ್ಧ ಗಂಟೆ ಹಾಗೇ ಬಿಡಿ. ಪೆಡಲ್ ಮತ್ತೆ ಗಟ್ಟಿಯಾದರೂ ಅಲ್ಲಿಂದ ಮುಂದೆ ಓಡಿಸಬೇಡಿ, ಮೆಕ್ಯಾನಿಕ್‌ಗೆ ಫೋನ್ ಮಾಡಿ.