ಫ್ರಾಯ್ಡ್ ಮನಶ್ಶಾಸ್ತ್ರದ ಪಿತಾಮಹ ಅಲ್ವಾ?

ಪ್ರಶ್ನೆ: ಮನಶ್ಶಾಸ್ತ್ರ ಶುರು ಮಾಡಿದ್ದು ಫ್ರಾಯ್ಡ್ ತಾನೇ? ಹಾಗಾದರೆ ಉಳಿದ ಪಂಥಗಳೆಲ್ಲ ಆತನಿಂದಲೇ ಹುಟ್ಟಿದವಾ?

ಈ ಪ್ರಶ್ನೆಗೆ ಎಷ್ಟನೇ ಸಲ ಉತ್ತರ ಬರೆಯುತ್ತಿದ್ದೇನೋ, ಲೆಕ್ಕ ಇಡುವುದನ್ನೇ ಬಿಟ್ಟಿದ್ದೇನೆ. ಕೇಳುವವರದ್ದೂ ತಪ್ಪಿಲ್ಲ ಬಿಡಿ. ಸಿನಿಮಾದಲ್ಲಿ ಮನಶ್ಶಾಸ್ತ್ರಜ್ಞ ಅಂದರೆ ಗಡ್ಡ, ಕನ್ನಡಕ, ಪಕ್ಕದಲ್ಲಿ ಮಲಗಿಕೊಂಡು ಕನಸು ಹೇಳುವ ರೋಗಿ. ಆ ಚಿತ್ರ ವಿಯೆನ್ನಾದ ವೈದ್ಯ ಸಿಗ್ಮಂಡ್ ಫ್ರಾಯ್ಡ್‌ನದೇ. ಆದರೆ ನಿಮ್ಮ ಎರಡೂ ಪ್ರಶ್ನೆಗೆ ಉತ್ತರ ಒಂದೇ: ಅಲ್ಲ.

ಇಸವಿ ನೋಡಿದರೆ ಸಾಕು. ವಿಲ್ಹೆಲ್ಮ್ ವುಂಟ್ ಜರ್ಮನಿಯ ಲೈಪ್ಜಿಗ್‌ನಲ್ಲಿ ಮನಶ್ಶಾಸ್ತ್ರಕ್ಕೆಂದೇ ಒಂದು ಲ್ಯಾಬ್ ತೆರೆದದ್ದು 1879ರಲ್ಲಿ. ಆಗ ಫ್ರಾಯ್ಡ್‌ಗೆ 23 ವರ್ಷ. ಡಾಕ್ಟರ್ ಓದೇ ಇನ್ನೂ ಮುಗಿದಿರಲಿಲ್ಲ, ಮುಗಿದದ್ದು 1881ರಲ್ಲಿ. ಲ್ಯಾಬ್ ಶುರುವಾಗುವ ಮೂರು ವರ್ಷ ಮೊದಲು ಆತ ಏನು ಮಾಡುತ್ತಿದ್ದ ಗೊತ್ತಾ? ಟ್ರಿಯೆಸ್ಟ್ ಎಂಬ ಬಂದರು ಊರಿನಲ್ಲಿ ಕೂತು ನೂರಾರು ಹಾವುಮೀನು ಕೊಯ್ದು, ಗಂಡಿನ ವೃಷಣ ಎಲ್ಲಿದೆ ಅಂತ ಹುಡುಕುತ್ತಿದ್ದ. ಕನಸುಗಳ ಮೇಲಿನ ಅವನ ಹೆಸರುವಾಸಿ ಪುಸ್ತಕ ಹೊರಬಂದದ್ದು 1899ರ ಕೊನೆಗೆ. ಅಷ್ಟರಲ್ಲಿ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞ ಅರ್ಥವಿಲ್ಲದ ಅಕ್ಷರಗಳನ್ನು ತಾನೇ ಉರು ಹೊಡೆದು, ಮರೆವಿನ ಲೆಕ್ಕ ಹಾಕಿ 1885ರಲ್ಲಿ ಅಚ್ಚು ಮಾಡಿಸಿಯೂ ಆಗಿತ್ತು. ಮನಶ್ಶಾಸ್ತ್ರದ ಮೇಲೆ ಅಮೆರಿಕದ ವಿಲಿಯಂ ಜೇಮ್ಸ್ ಬರೆದ ಎರಡು ದಪ್ಪ ಸಂಪುಟಗಳು 1890ರಲ್ಲಿ ಬಂದಿದ್ದವು. 1892ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರು ಸಂಘವನ್ನೂ ಕಟ್ಟಿಕೊಂಡಿದ್ದರು. ಮಗು ಶಾಲೆಗೆ ಹೋಗುವಷ್ಟು ಬೆಳೆದ ಮೇಲೆ ಬಂದವನನ್ನು ಅಪ್ಪ ಅನ್ನುವುದು ಹೇಗೆ?

ಲೈಪ್ಜಿಗ್‌ನ ಲ್ಯಾಬಿನಲ್ಲಿ ಕನಸಿನ ಮಾತೇ ಇರಲಿಲ್ಲ. ಅಲ್ಲಿದ್ದದ್ದು ಗುಂಡಿಗಳು, ತಂತಿಗಳು, ಸೆಕೆಂಡಿನ ಸಾವಿರದಲ್ಲೊಂದು ಭಾಗವನ್ನು ಅಳೆಯುವ ಗಡಿಯಾರ. ಬೆಳಕು ಕಂಡ ಕೂಡಲೇ ಗುಂಡಿ ಒತ್ತಬೇಕು, ಅಷ್ಟೇ ಕೆಲಸ. ಮುಂದಿನ ಸುತ್ತಿನಲ್ಲಿ ಎರಡು ಬಣ್ಣದ ಬೆಳಕು: ಒಂದಕ್ಕೆ ಎಡಗೈ, ಇನ್ನೊಂದಕ್ಕೆ ಬಲಗೈ. ಈಗ ಸ್ವಲ್ಪ ಜಾಸ್ತಿ ಹೊತ್ತು ಹಿಡಿಯುತ್ತದೆ. ಇದರಲ್ಲಿ ಮೊದಲಿನದನ್ನು ಕಳೆಯಿರಿ. ಬಣ್ಣ ಗುರುತಿಸಿ ಕೈ ಆರಿಸಲು ಮನಸ್ಸು ತೆಗೆದುಕೊಂಡ ಹೊತ್ತು ಸಿಕ್ಕಿತು! ಈ ಕಳೆಯುವ ಉಪಾಯ ಮೊದಲು ಹೊಳೆದದ್ದು ಡಾಂಡರ್ಸ್ ಎಂಬ ಡಚ್ ವೈದ್ಯನಿಗೆ. ವುಂಟ್‌ನ ಶಿಷ್ಯರು ಅದನ್ನು ವರ್ಷಗಟ್ಟಲೆ ತಿಕ್ಕಿ ತೀಡಿದರು. ಲೆಕ್ಕ ಎಲ್ಲ ಕಡೆ ಸರಿ ಕೂರಲಿಲ್ಲ, ಅದು ಬೇರೆ ಮಾತು. ತರಗತಿಯಲ್ಲಿ ಇದನ್ನು ಮಾಡಿ ತೋರಿಸಿದಾಗ ಹುಡುಗರ ಕಣ್ಣು ಅರಳುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಇಷ್ಟು ಹೇಳಿದ ಮೇಲೂ ಒಬ್ಬರು ಕೈ ಎತ್ತುತ್ತಾರೆ. "ಸುಪ್ತ ಮನಸ್ಸನ್ನು, ಅಂದರೆ ನಮ್ಮ ಅರಿವಿಗೆ ಬಾರದೆ ಕೆಲಸ ಮಾಡುವ ಮನಸ್ಸನ್ನು ಕಂಡುಹಿಡಿದದ್ದಾದರೂ ಫ್ರಾಯ್ಡ್ ಅಲ್ವಾ ಸರ್?" ಅದೂ ಅಲ್ಲ ಮಾರಾಯರೇ. ಹಾರ್ಟ್‌ಮನ್ ಎಂಬ ಜರ್ಮನ್ ಚಿಂತಕ ಸುಪ್ತ ಮನಸ್ಸಿನ ಬಗ್ಗೆಯೇ ಇಡೀ ಪುಸ್ತಕ ಬರೆದದ್ದು 1869ರಲ್ಲಿ. ಆಗ ಫ್ರಾಯ್ಡ್ 13ರ ಹುಡುಗ. ನಾವು ಕಣ್ಣಿಂದ ನೋಡುವಾಗಲೂ ಮನಸ್ಸು ನಮಗೇ ತಿಳಿಯದಂತೆ ಊಹೆ ಮಾಡುತ್ತಿರುತ್ತದೆ ಎಂದು ಹೆಲ್ಮ್‌ಹೋಲ್ಟ್ಸ್ ಎಂಬ ಜರ್ಮನ್ ವಿಜ್ಞಾನಿ ಅದಕ್ಕೂ ಮೊದಲೇ ಹೇಳಿದ್ದ. ಫ್ರಾಯ್ಡ್ ಆ ಮಾತನ್ನು ತೆಗೆದುಕೊಂಡು ಚಿಕಿತ್ಸೆಯೊಂದನ್ನು ಕಟ್ಟಿದ, ಮನೋವಿಶ್ಲೇಷಣೆ ಎಂಬ ಪಂಥ ಹುಟ್ಟುಹಾಕಿದ. ಅದು ಸಣ್ಣ ಕೆಲಸವಲ್ಲ. ಆದರೆ ಅದು ಮನೆಯ ಒಂದು ಕೋಣೆ, ಇಡೀ ಮನೆಯಲ್ಲ.

ಉಳಿದ ಪಂಥಗಳ ಕಥೆ ಬಹಳ ಮಟ್ಟಿಗೆ ಜಗಳದ ಕಥೆ. ವುಂಟ್‌ನ ಶಿಷ್ಯ ಟಿಚನರ್ ಅನುಭವವನ್ನು ಬಿಡಿ ಬಿಡಿ ಮಾಡಿ ನೋಡೋಣ ಅಂದ. ಮನಸ್ಸಿನಿಂದ ಉಪಯೋಗ ಏನು, ಅದನ್ನು ನೋಡಿ ಅಂದರು ಜೇಮ್ಸ್‌ನ ಕಡೆಯವರು. 1912ರಲ್ಲಿ ವರ್ಟ್‌ಹೈಮರ್ ಎಂಬ ಇನ್ನೊಬ್ಬ ಮನಶ್ಶಾಸ್ತ್ರಜ್ಞ, ಬಿಡಿ ಮಾಡಿದರೆ ಇಡಿಯಾದದ್ದು ಕೈತಪ್ಪುತ್ತದೆ ಎಂದು ತೋರಿಸಿದ. ಅಲ್ಲಿಂದ ಗೆಸ್ಟಾಲ್ಟ್ ಪಂಥ. ಮರುವರ್ಷವೇ ಅಮೆರಿಕದ ವಾಟ್ಸನ್, ಮನಸ್ಸಿನ ಮಾತೇ ಬೇಡ, ವರ್ತನೆ ಒಂದೇ ಸಾಕು ಅಂದುಬಿಟ್ಟ. ಅವನ ವರ್ತನಾವಾದದ ಮೇಲೂ ಫ್ರಾಯ್ಡ್ ಮೇಲೂ ಬೇಸರಪಟ್ಟು ಮಾಸ್ಲೋ, ರೋಜರ್ಸ್ ಮೂರನೇ ದಾರಿ ಹಿಡಿದರು, ಅದೇ ಮಾನವತಾವಾದಿ ಪಂಥ. 1950ರ ದಶಕದಲ್ಲಿ ಕಂಪ್ಯೂಟರಿನ ಭಾಷೆ ಕಲಿತವರು ಬಂದು, ವಾಟ್ಸನ್ ಓಡಿಸಿದ್ದ ಮನಸ್ಸನ್ನು ವಾಪಸ್ ಕರೆತಂದರು.

ವಾಟ್ಸನ್ ಹೆಸರು ಬಂದದ್ದಕ್ಕೆ ನೆನಪಾಯಿತು. ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ವರ್ತನಾವಾದಿಗಳು ತಲೆ ಮೇಲೆ ಹೊತ್ತುಕೊಂಡ ರಷ್ಯಾದ ಪಾವ್ಲೋವ್ ಮನಶ್ಶಾಸ್ತ್ರಜ್ಞನೇ ಅಲ್ಲ. ಆತ ಶರೀರಶಾಸ್ತ್ರದವನು. 1904ರಲ್ಲಿ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಮೇಲಿನ ಕೆಲಸಕ್ಕೆ. ಊಟ ಬಾಯಿಗೆ ಬೀಳುವ ಮೊದಲೇ ನಾಯಿಗೆ ಜೊಲ್ಲು ಸುರಿಯುವುದು ಆ ಕೆಲಸದ ನಡುವೆ ಎದುರಾದ ತಲೆನೋವು. ಅದರ ಹಿಂದೆ ಬಿದ್ದು ಮುಂದಿನ ಮೂವತ್ತು ಚಿಲ್ಲರೆ ವರ್ಷ ಕಳೆದ. ತನ್ನನ್ನು ಮನಶ್ಶಾಸ್ತ್ರಜ್ಞ ಅಂತ ಕರೆಯುವುದು ಮಾತ್ರ ಆತನಿಗೆ ಹಿಡಿಸುತ್ತಿರಲಿಲ್ಲ. ಈಗ ನೋಡಿದರೆ, ಮನಶ್ಶಾಸ್ತ್ರದ ಪಠ್ಯಪುಸ್ತಕಗಳಲ್ಲೆಲ್ಲ ಆತನ ನಾಯಿ ಕಾಯಂ ಆಗಿ ಕೂತುಬಿಟ್ಟಿದೆ.