ಜ್ವಾಲಾಮುಖಿಯ ಮೇಲೆ ಕುಳಿತು ಬರೆದ ಲೆಕ್ಕ

ಭೂಮಿ ಬಿಸಿಯಾಗುತ್ತಿದೆ ಎಂದಾಗಲೆಲ್ಲ ಯಾರಾದರೊಬ್ಬರು ಕೇಳುತ್ತಾರೆ: ಜ್ವಾಲಾಮುಖಿಗಳು ಅನಿಲ ಉಗುಳುವುದಿಲ್ಲವೇ, ತಪ್ಪೆಲ್ಲ ಮನುಷ್ಯನದೇ? ತಮಾಷೆಯೆಂದರೆ, ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಒಂದು ಜ್ವಾಲಾಮುಖಿಯ ಮೇಲೆಯೇ.

ಕಲ್ಲಿದ್ದಲು ಸುಟ್ಟು ಇಂಗಾಲದ ಡೈಆಕ್ಸೈಡ್ ಇಮ್ಮಡಿಯಾದರೆ ಭೂಮಿಯ ಉಷ್ಣತೆ ಐದಾರು ಡಿಗ್ರಿ ಏರುತ್ತದೆಂದು ಸ್ವೀಡನ್ನಿನ ವಿಜ್ಞಾನಿ ಸ್ವಾಂಟೆ ಅರ್ಹೇನಿಯಸ್ 1896ರಲ್ಲೇ ಲೆಕ್ಕ ಹಾಕಿದ್ದರು. ಚಳಿನಾಡಿನ ಅವರಿಗೆ ಅದೊಂದು ಒಳ್ಳೆಯ ಸುದ್ದಿಯಾಗಿಯೇ ಕಂಡಿತ್ತು. ಹೆಚ್ಚಾದದ್ದನ್ನು ಸಮುದ್ರ ಹೀರಿಕೊಳ್ಳುತ್ತದೆಂದು ನಂಬಿ ಉಳಿದವರೂ ನಿಶ್ಚಿಂತರಾಗಿದ್ದರು.

ಗಾಳಿಯಲ್ಲಿ ಈ ಅನಿಲ ಎಷ್ಟಿದೆ, ಅಳೆದೇ ನೋಡೋಣ ಎಂದು ಹೊರಟವರು ಅಮೆರಿಕದ ವಿಜ್ಞಾನಿ ಚಾರ್ಲ್ಸ್ ಡೇವಿಡ್ ಕೀಲಿಂಗ್. ಹವಾಯಿ ದ್ವೀಪದ ಮೌನಾ ಲೋವಾ ಎಂಬ ಜ್ವಾಲಾಮುಖಿ ಪರ್ವತದಲ್ಲಿ, ಸುಮಾರು 3,400 ಮೀಟರ್ ಎತ್ತರದಲ್ಲಿ, 1958ರ ಮಾರ್ಚ್‌ನಲ್ಲಿ ಅವರ ಉಪಕರಣ ಕೆಲಸ ಆರಂಭಿಸಿತು. ಸುತ್ತಲೂ ಸಾಗರ, ಹತ್ತಿರದಲ್ಲಿ ಕಾರ್ಖಾನೆಯಿಲ್ಲ, ದಟ್ಟ ಕಾಡಿಲ್ಲ. ಪರ್ವತದ ಬಾಯಿಂದ ಅನಿಲ ಬೀಸಿ ಬಂದಾಗ ಅಂಕಿ ಥಟ್ಟನೆ ಏರುಪೇರಾಗುತ್ತದೆ, ಆ ದಾಖಲೆಗಳನ್ನು ಬಿಟ್ಟುಬಿಡುತ್ತಾರೆ. ಮೊದಲ ಅಳತೆ ದಶಲಕ್ಷಕ್ಕೆ 313 ಭಾಗ. ಉತ್ತರ ಗೋಳಾರ್ಧದ ಕಾಡುಗಳು ಚಿಗುರಿದಾಗ ಅಂಕಿ ಇಳಿಯುತ್ತಿತ್ತು, ಎಲೆ ಉದುರಿ ಕೊಳೆತಾಗ ಏರುತ್ತಿತ್ತು. ಭೂಮಿ ಉಸಿರಾಡುವುದನ್ನು ಕಾಗದದ ಮೇಲೆ ಕಂಡದ್ದು ಅದೇ ಮೊದಲು. ಆದರೆ ಪ್ರತಿ ವರ್ಷದ ಗರಿಷ್ಠ ಅಂಕಿ ಹಿಂದಿನ ವರ್ಷದ್ದಕ್ಕಿಂತ ಮೇಲಿತ್ತು. 1964ರಲ್ಲಿ ಅನುದಾನ ಕಡಿತಗೊಂಡು ಕೆಲವು ತಿಂಗಳು ಅಳತೆಯೇ ನಿಂತಿತ್ತು. ಇಂಥ ಕೆಲಸಕ್ಕೆ ಹಣ ಕೊಡುವವರಿಗೆ ಅಂದೂ ತಾಳ್ಮೆ ಇರಲಿಲ್ಲ. 2024ರ ಸರಾಸರಿ 424 ದಾಟಿತು. ಕೈಗಾರಿಕಾ ಯುಗಕ್ಕೆ ಮೊದಲು ಅದು 280ರ ಆಸುಪಾಸಿನಲ್ಲಿತ್ತೆಂದು ಧ್ರುವದ ಹಿಮದಲ್ಲಿ ಸಿಕ್ಕಿಬಿದ್ದ ಗಾಳಿಗುಳ್ಳೆಗಳು ಹೇಳುತ್ತವೆ.

ಈ ಹೆಚ್ಚಳ ಬಂದದ್ದೆಲ್ಲಿಂದ? ಕೀಲಿಂಗ್ ಅವರ ಮಗ ರಾಲ್ಫ್ ಗಾಳಿಯ ಆಮ್ಲಜನಕವನ್ನು ಅಳೆದರು. ಅದು ಇಳಿಯುತ್ತಿತ್ತು. ಏನನ್ನಾದರೂ ಸುಟ್ಟರೆ ಆಮ್ಲಜನಕ ಖರ್ಚಾಗುತ್ತದೆ. ಜ್ವಾಲಾಮುಖಿ ಅನಿಲ ಬಿಟ್ಟರೆ ಹಾಗಾಗುವುದಿಲ್ಲ. ಅಲ್ಲದೆ, ಎಲ್ಲ ಜ್ವಾಲಾಮುಖಿಗಳು ವರ್ಷವಿಡೀ ಬಿಡುವ ಇಂಗಾಲದ ಡೈಆಕ್ಸೈಡ್ ಮನುಷ್ಯ ಬಿಡುವುದರ ನೂರನೇ ಒಂದು ಪಾಲೂ ಆಗುವುದಿಲ್ಲ. ನನ್ನ ಮಟ್ಟಿಗೆ ವಾದ ಅಲ್ಲಿಗೆ ಮುಗಿಯಿತು.

ಪರಿಣಾಮದ ಲೆಕ್ಕ ಇಷ್ಟು ನೇರವಾಗಿಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇ 7ರಷ್ಟು ಹೆಚ್ಚು ತೇವಾಂಶ ಹಿಡಿದಿಡಬಲ್ಲದು. ಹಾಗಾಗಿ ಮಳೆ ಬಂದರೆ ಒಮ್ಮೆಲೇ ಸುರಿಯುವ, ಬಾರದಿದ್ದರೆ ನೆಲ ಬೇಗ ಒಣಗುವ ಸಾಧ್ಯತೆ ಹೆಚ್ಚುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದವು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ರಲ್ಲಿ ಬರ ಘೋಷಣೆಯಾಯಿತು. ಎರಡಕ್ಕೂ ತಾಪಮಾನ ಏರಿಕೆಯೊಂದನ್ನೇ ಹೊಣೆ ಮಾಡುವುದು ಸರಿಯಲ್ಲ. ಅದರಿಂದ ಗುಡ್ಡ ಕಡಿದು ರಸ್ತೆ, ರೆಸಾರ್ಟ್ ಮಾಡಿದವರು ಸುಲಭವಾಗಿ ನುಣುಚಿಕೊಳ್ಳುತ್ತಾರೆ.

2015ರ ಪ್ಯಾರಿಸ್ ಹವಾಮಾನ ಒಪ್ಪಂದ, ಕೈಗಾರಿಕಾ ಯುಗಕ್ಕೆ ಮೊದಲಿನ ತಾಪಮಾನಕ್ಕೆ ಹೋಲಿಸಿದರೆ ಆಗುವ ಏರಿಕೆಯನ್ನು 1.5 ಡಿಗ್ರಿಗೆ ತಡೆಯಲು ಯತ್ನಿಸಬೇಕೆಂದಿತ್ತು. 2024 ಒಂದೇ ವರ್ಷದ ಸರಾಸರಿ ಆ ಗೆರೆ ದಾಟಿದೆ, ದೀರ್ಘಾವಧಿಯ ಸರಾಸರಿ ಇನ್ನೂ ದಾಟಿಲ್ಲ. ಕೊರೊನಾ ಲಾಕ್‌ಡೌನ್‌ನ 2020ರಲ್ಲಿ ಜಗತ್ತಿನ ಹೊಗೆ ಸುಮಾರು ಶೇ 5ರಷ್ಟು ತಗ್ಗಿದರೂ ಮೌನಾ ಲೋವಾದ ಅಂಕಿ ಏರುತ್ತಲೇ ಹೋಯಿತು. ನಾವು ಬಿಟ್ಟದ್ದರಲ್ಲಿ ಸುಮಾರು ಅರ್ಧವನ್ನಷ್ಟೇ ಸಮುದ್ರ, ಕಾಡುಗಳು ಹೀರುತ್ತವೆ. ಉಳಿದದ್ದು ಗಾಳಿಯಲ್ಲೇ ಸೇರುತ್ತ ಹೋಗುತ್ತದೆ, ಅದರಲ್ಲಿ ಒಂದು ಪಾಲು ಶತಮಾನಗಳ ಕಾಲ ಅಲ್ಲೇ ಇರುತ್ತದೆ.